ತಂತಿ ಕಿತ್ತು ನೋಡುವ ಡಿಸ್ಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂದರಿನ ಎರಡನೇ ಗೇಟಿನ ಎದುರು, ಹಗ್ಗ ಮಾರುವ ಅಂಗಡಿಗೂ ಕ್ಷೌರದ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತಿರುವ ಒಂದೇ ಕೋಣೆಯ ಮಳಿಗೆಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಮೊಣಕಾಲೂರಿ ಕೂತ ಹೆಂಗಸೊಬ್ಬರು ಮೇಜಿನ ಹಿಂದಕ್ಕೆ ಕೈ ಹಾಕಿ, ಗೋಡೆಯಿಂದ ಬಂದಿರುವ ಇಂಟರ್ನೆಟ್ ತಂತಿಯನ್ನು ಟಕ್ಕನೆ ಕೀಳುತ್ತಾರೆ. ಆಮೇಲೆ ವಿಡಿಯೋ ಗೇಮ್ ಯಂತ್ರಕ್ಕೆ ಡಿಸ್ಕ್ ತುರುಕಿ, ಸೊಂಟದ ಮೇಲೆ ಕೈಯಿಟ್ಟು ಟೀವಿಯನ್ನು ದಿಟ್ಟಿಸುತ್ತಾ ನಿಲ್ಲುತ್ತಾರೆ.

ಬಾಗಿಲಲ್ಲಿ ಸರಕು ಹಡಗೊಂದರ ಮೆಕ್ಯಾನಿಕ್ ಚೀಲ ಹೆಗಲಿಗೇರಿಸಿಕೊಂಡು ಚಡಪಡಿಸುತ್ತಿದ್ದಾನೆ. "ಅಕ್ಕಾ, ಆಯ್ತಾ? ಉಬ್ಬರ ಇಳಿಯೋದ್ರೊಳಗೆ ಹೊರಡ್ಬೇಕು. ಕ್ಯಾಪ್ಟನ್ ನನ್ನ ಬಿಟ್ಟೇ ಹೋಗ್ತಾರೆ!"

"ಹೋದ್ರೆ ಹೋಗ್ಲಿ, ಎಂಜಿನ್ ಕೆಟ್ಟಾಗ ವಾಪಸ್ ಬರ್ತಾರೆ. ತಡಿಯಪ್ಪ," ಎನ್ನುತ್ತಾರೆ ಆಕೆ, ಟೀವಿಯಿಂದ ಕಣ್ಣು ಕೀಳದೆ. "ನೆಟ್ ಇದ್ದಾಗ ಎಲ್ಲ ಆಟಾನೂ ಸಾಚಾನೇ. ಇಲ್ದಾಗ ಏನ್ ಮಾಡತ್ತೆ ಅಂತ ತಾನೇ ನೋಡ್ಬೇಕಾಗಿರೋದು?"

ಪರದೆಯ ಮೇಲೆ ಹಸಿರು ಮೈದಾನ ಮೂಡುತ್ತದೆ, ಚೆಂಡು ಉರುಳುತ್ತದೆ. ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ ಇನ್ನೊಮ್ಮೆ ನೋಡಿದ ಮೇಲೆಯೇ ಆಕೆಯ ಮುಖ ಸಡಿಲಾಗುವುದು. ಹಳೆಯ ಟವಲಿನಲ್ಲಿ ಯಂತ್ರವನ್ನು ಕೂಸಿನಂತೆ ಸುತ್ತಿ ಕೈಗೆ ಕೊಡುತ್ತಾರೆ. ಮೆಕ್ಯಾನಿಕ್ ಗೇಟಿನ ಕಡೆಗೆ ಓಡುತ್ತಾನೆ.

ಈ ಬಂದರಿಗೆ ಬಂದುಹೋಗುವ ನಾವಿಕರೆಲ್ಲರ ಬಾಯಲ್ಲಿ ಇವರು ಡಿಸ್ಕಕ್ಕ. ಹೆತ್ತವರು ಇಟ್ಟ ಹೆಸರು ಯಾವುದೆಂದು ಹಗ್ಗದಂಗಡಿಯವರಿಗೂ ಗೊತ್ತಿಲ್ಲ.

ಇವರ ಕೆಲಸವೇನೆಂದು ತಿಳಿಯಬೇಕಾದರೆ ಒಂದು ಸಂಗತಿ ಗೊತ್ತಿರಬೇಕು. ಈಗ ಅಂಗಡಿಯಲ್ಲಿ ಗೇಮಿನ ಡಬ್ಬಿ ಕೊಂಡು ತಂದರೆ ಅದರೊಳಗೆ ಇಡೀ ಆಟ ಇರುತ್ತದೆಂಬ ಖಾತ್ರಿಯಿಲ್ಲ. ಕೆಲವು ಡಿಸ್ಕುಗಳಲ್ಲಿ ಅರ್ಧವಷ್ಟೇ ಇರುತ್ತದೆ, ಉಳಿದಿದ್ದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇನ್ನು ಕೆಲವು ಡಬ್ಬಿಗಳಲ್ಲಿ ಇರುವುದು ಬರೀ ಬೀಗದ ಕೈಯಷ್ಟೇ. ಆಟವೆಲ್ಲ ಎಲ್ಲೋ ದೂರದ ಕಂಪ್ಯೂಟರಿನಲ್ಲಿ. ಮನೆಯಲ್ಲಿ ಕೂತು ಆಡುವವರಿಗೆ ಇದು ಒಂದಷ್ಟು ಹೊತ್ತಿನ ಕಿರಿಕಿರಿ. ಆದರೆ ತಿಂಗಳುಗಟ್ಟಲೆ ನೀರಿನ ಮೇಲಿರುವ ನಾವಿಕರ ಪಾಡು ಬೇರೆ. ಹಡಗಿನ ಉಪಗ್ರಹದ ಸಂಪರ್ಕ ಮನೆಗೆ ನಾಲ್ಕು ಮಾತು ಬರೆಯಲು ಸಾಕಾಗುತ್ತದೆಯೇ ಹೊರತು ಇಷ್ಟು ದೊಡ್ಡ ಆಟ ಇಳಿಸಲು ಅಲ್ಲ.

ಆದ್ದರಿಂದಲೇ ನಾವಿಕರು ಹಡಗಿನ ಗೇಮ್ ಯಂತ್ರವನ್ನು ಹಿಂದಿನ ದಿನ ತಂದು ಡಿಸ್ಕಕ್ಕನ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಇಳಿಸಬೇಕಾದ್ದನ್ನೆಲ್ಲ ಇಳಿಸಿ, ತಂತಿ ಕಿತ್ತು ಪರೀಕ್ಷೆ ಮಾಡಿ, ಹಡಗು ಹೊರಡುವ ಮುನ್ನ ಒಪ್ಪಿಸುವುದು ಇವರ ಜವಾಬ್ದಾರಿ. ಸಾಮಾನ್ಯ ದಿನಗಳಲ್ಲಿ ನಾಲ್ಕೈದು ಯಂತ್ರ. ಬಂದರು ತುಂಬಿದ್ದರೆ ಹತ್ತಾದರೂ ಆದೀತು, ಆಗ ಕ್ಷೌರದ ಅಂಗಡಿಯ ಖಾಲಿ ಕುರ್ಚಿಯ ಮೇಲೂ ಒಂದು ಯಂತ್ರ ಕೂತಿರುತ್ತದೆ. "ಕ್ಷೌರಕ್ಕೆ ಬಂದ ಗಿರಾಕಿ, ಕುರ್ಚೀಲಿ ಕೂತಿರೋ ಇವನದ್ದು ಮೊದಲಾಗ್ಲಿ ಅಂತ ಕಾಯ್ತಾ ನಿಂತಿದ್ರಂತೆ!" ಎಂದು ಡಿಸ್ಕಕ್ಕ ನಗುತ್ತಾರೆ.

ಡಿಸ್ಕಿನ ಸಹವಾಸ ಇವರಿಗೆ ಹೊಸದಲ್ಲ. ಮದುವೆಗೂ ಮುಂಚೆ ಊರಾಚೆಯ ಡಿಸ್ಕ್ ಕಾರ್ಖಾನೆಗೆ ಸೇರಿದವರು. ಓರೆಯಾಗಿ ಇಟ್ಟ ದೀಪದ ಕೆಳಗೆ ಒಂದೊಂದೇ ಡಿಸ್ಕನ್ನು ಹೊರಳಿಸಿ, ಗೀರು, ಗುಳ್ಳೆ, ಮಸುಕು ಇದ್ದರೆ ಪಕ್ಕಕ್ಕೆ ಎಸೆಯುವ ಕೆಲಸ. ಕಣ್ಣಲ್ಲಿ ಕಣ್ಣಿಟ್ಟು ವರ್ಷಗಟ್ಟಲೆ ಮಾಡಿದರು. ಜನ ಡಿಸ್ಕ್ ಕೊಳ್ಳುವುದು ಕಡಿಮೆಯಾದಂತೆ ಯಂತ್ರಗಳ ಸಾಲುಗಳು ಒಂದೊಂದಾಗಿ ನಿಂತವು. ಕೊನೆಗೆ ಕಾರ್ಖಾನೆಯೇ ನಿಂತಿತು. ಮನೆಗೆ ಬರುವಾಗ ಮೇಸ್ತ್ರಿ ಆ ಓರೆ ದೀಪವನ್ನು ಕಳಚಿ ಕೊಟ್ಟರಂತೆ. "ಅಳು ಬರ್ಲಿಲ್ಲ. ಸಿಟ್ಟು ಬಂತು," ಎನ್ನುತ್ತಾರೆ. "ಕೆಟ್ಟ ಮಾಲು ಒಂದೂ ಆಚೆ ಬಿಟ್ಟಿರ್ಲಿಲ್ಲ ನಾವು."

ಅವರ ಗಂಡ ಸರಕು ಹಡಗಿನ ಅಡುಗೆಯವರು. ಕಾರ್ಖಾನೆ ಮುಚ್ಚಿದ ಹೊಸತರಲ್ಲಿ, ದೂರದ ಪಯಣವೊಂದಕ್ಕೆ ಮುಂಚೆ ಹಡಗಿನವರೆಲ್ಲ ಕೈಯಿಂದ ದುಡ್ಡು ಹಾಕಿ ಹೊಸದೊಂದು ಗೇಮ್ ಕೊಂಡರು. ದಡ ಕಣ್ಮರೆಯಾದ ಮೇಲೆ, ಊಟ ಮುಗಿಸಿ, ಎಲ್ಲರೂ ಬೆಂಚು ಎಳೆದುಕೊಂಡು ಕೂತು ಡಬ್ಬಿ ಬಿಚ್ಚಿದರೆ ಪರದೆ ಹೇಳಿದ್ದು ಒಂದೇ ಮಾತು: ಉಳಿದ ಭಾಗ ಡೌನ್‌ಲೋಡ್ ಮಾಡಿಕೊಳ್ಳಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಯಣ ಮುಗಿಯುವವರೆಗೂ ಆ ಡಬ್ಬಿ ಊಟದ ಕೋಣೆಯಲ್ಲಿ ಹಾಗೇ ಬಿದ್ದಿತ್ತು. ಅಡುಗೆಯವರು ಊರಿಗೆ ಮರಳಿ ಅದನ್ನು ಹೆಂಡತಿಯ ಮುಂದಿಟ್ಟು, "ನೋಡೇ, ನಿನ್ನ ಡಿಸ್ಕಿನ ಯೋಗ್ಯತೆ," ಎಂದರು. ತಮಾಷೆಗೆ ಆಡಿದ ಮಾತು. ಆದರೆ ಹೆಂಡತಿಗೆ ಅದು ನೇರ ನಾಟಿತು.

ಆಕೆ ಡಿಸ್ಕನ್ನು ಓರೆ ದೀಪಕ್ಕೆ ಹಿಡಿದರು. ಗೀರಿಲ್ಲ, ಗುಳ್ಳೆಯಿಲ್ಲ, ಕನ್ನಡಿಯಂಥ ಡಿಸ್ಕು. "ಮೇಲೆ ತಳುಕು ಒಳಗೆ ಹುಳುಕು ಅಂತಾರಲ್ಲ, ಇದ್ರಲ್ಲಿ ಹುಳುಕೂ ಇರ್ಲಿಲ್ಲ, ಬರೀ ಖಾಲಿ. ತಟ್ಟೆ ಮಾರಿ, ಊಟ ಪಕ್ಕದ ಬೀದೀಲಿದೆ ಹೋಗಿ ಅಂದಂಗೆ!" ಡಬ್ಬಿ ಮಾರಿದ ಅಂಗಡಿಗೆ ಹೋಗಿ ಕೇಳಿದರೆ, ಅಲ್ಲಿಯವರು ಡಬ್ಬಿ ತಿರುಗಿಸಿ ತೋರಿಸಿದರು. ಹಿಂಬದಿಯ ತಳದಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಎಲ್ಲವನ್ನೂ ಬರೆದಿತ್ತು. ಅವತ್ತು ಮನೆಗೆ ಬರುವ ದಾರಿಯಲ್ಲೇ ಬಂದರಿನ ಎದುರಿನ ಖಾಲಿ ಕೋಣೆಯ ಬಾಡಿಗೆ ವಿಚಾರಿಸಿದರಂತೆ.

ಅಂಗಡಿಯ ನಿಯಮ ಮೊದಲ ದಿನದಿಂದಲೂ ಒಂದೇ. ಮಾರಾಟಕ್ಕೆ ತಂದ ಪ್ರತಿ ಆಟವನ್ನೂ ತಂತಿ ಕಿತ್ತು ಆಡಿ ನೋಡಿ, ಡಬ್ಬಿಯ ಮುಖಕ್ಕೆ ಚೀಟಿ ಅಂಟಿಸುವುದು. ಹಸಿರು ಚೀಟಿಯೆಂದರೆ ಆಟ ಪೂರ್ತಿ ಒಳಗೇ ಇದೆ. ಹಳದಿಯೆಂದರೆ ಅರೆಬರೆ. ಕೆಂಪೆಂದರೆ ಡಬ್ಬಿಯಲ್ಲಿ ಬೀಗದ ಕೈ ಮಾತ್ರ. ಹಳದಿ, ಕೆಂಪು ಕೊಂಡವರು ಯಂತ್ರ ತಂದರೆ, ಉಳಿದದ್ದನ್ನು ತುಂಬಿಕೊಡುವುದು.

ಮನೆಯಲ್ಲಿ ಇದನ್ನು ಕಂಡು ಮೂಗು ಮುರಿದವರು ಅತ್ತೆ. "ಮನೆ ತುಂಬ ಕೆಲಸ ಬಿದ್ದಿದೆ, ಇವಳು ಬೊಂಬೆಯಾಟ ಆಡ್ತಾ ಕೂತಿದಾಳೆ," ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರಂತೆ. ಒಮ್ಮೆ ಸೊಸೆ ಜ್ವರ ಬಂದು ಮಲಗಿದಾಗ, ಹಡಗಿನವರು ಬಂದು ಬಾಗಿಲು ಬಡಿಯತೊಡಗಿದಾಗ, ಅತ್ತೆಯೇ ಗೊಣಗುತ್ತಾ ಅಂಗಡಿಗೆ ಬಂದು ಕೂತರು. ಆಟ ಆಡಿಸುವ ಗುಂಡಿಗಳ ಕಂಟ್ರೋಲರಿಗೆ ಕೈ ಹಚ್ಚಿದ್ದು ಆಗ. ಮತ್ತೆ ಕೈ ತೆಗೆಯಲಿಲ್ಲ.

ಈಗ ಕೋಣೆಯ ಹಿಂಬದಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಆಡುವವರು ಅವರೇ. ಕಾರು ಓಡಿಸುವುದರಲ್ಲಿ ಎತ್ತಿದ ಕೈ. ಹೊಲ ಉಳುವ ಆಟ, ಮನೆ ಕಟ್ಟುವ ಆಟ, ದೆವ್ವದ ಬಂಗಲೆಯ ಆಟ ಯಾವುದಕ್ಕೂ ಅಂಜುವುದಿಲ್ಲ. ಗುಂಡು ಹೊಡೆಯುವ ಆಟವನ್ನು ಮಾತ್ರ ಮುಟ್ಟುವುದಿಲ್ಲ. "ಅವನು ನಂಗೇನು ಮಾಡಿದಾನೆ, ನಾನ್ಯಾಕೆ ಹೊಡೀಲಿ?" ಎಂಬುದು ಅವರ ವಾದ. ಅಂಥವು ಸೊಸೆಯ ಪಾಲಿಗೆ.

ಅತ್ತೆಯ ಈ ಹುಚ್ಚು ಅಂಗಡಿಯ ಮರ್ಯಾದೆ ಉಳಿಸಿದೆ. ಒಂದು ಆಟ ಶುರುವಿನಲ್ಲಿ ಚೆನ್ನಾಗಿಯೇ ನಡೆಯಿತೆಂದು ಡಿಸ್ಕಕ್ಕ ಹಸಿರು ಚೀಟಿ ಹಚ್ಚಿ, ಹಡಗಿಗೆ ಕೊಡಲು ತೆಗೆದಿಟ್ಟಿದ್ದರು. ಅತ್ತೆಗೆ ಕತೆಯ ಕೊನೆ ನೋಡುವ ಚಪಲ. ಆಡುತ್ತಾ ಆಡುತ್ತಾ ನಡುವಿನ ಸೇತುವೆ ದಾಟುವಾಗ ಆಟ ಗಕ್ಕನೆ ನಿಂತು, ಮುಂದಿನದಕ್ಕೆ ಡೌನ್‌ಲೋಡ್ ಬೇಕೆಂದಿತು. "ಬಾರೇ ಇಲ್ಲಿ! ನಿನ್ನ ಹಸಿರು ಚೀಟಿ ಹಳದಿಗೆ ತಿರುಗಿದೆ ನೋಡು," ಎಂದು ಅವರು ಕೂಗಿದ್ದು ಹಗ್ಗದಂಗಡಿಯವರೆಗೂ ಕೇಳಿತ್ತು. ಅಂದಿನಿಂದ ಯಾವ ಆಟಕ್ಕೂ ಪೂರ್ತಿ ಆಡಿ ಮುಗಿಸದೆ ಹಸಿರು ಚೀಟಿ ಬೀಳುವುದಿಲ್ಲ. "ಅತ್ತೆ ಮುಗಿಸೋ ತನಕ ಕಾಯ್ಬೇಕು. ಅವಸರ ಮಾಡಿದ್ರೆ ಬೈಸ್ಕೋಬೇಕು," ಎನ್ನುವ ಸೊಸೆಯ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ಚೀಟಿಗಳು ಎಲ್ಲರಿಗೂ ಹಿಡಿಸಲಿಲ್ಲ. ಗೇಮುಗಳನ್ನು ಸಗಟಾಗಿ ಒದಗಿಸುವ ವ್ಯಾಪಾರಿ ಒಂದು ಬೆಳಿಗ್ಗೆ ಕಾರಿನಿಂದಿಳಿದು ನೇರ ಕಪಾಟಿನ ಮುಂದೆ ಬಂದು ನಿಂತರು.

"ಏನಮ್ಮಾ ಇದು, ನನ್ನ ಮಾಲಿಗೆ ಕೆಂಪು ಬೊಟ್ಟು ಇಟ್ಟಿದೀಯ?"

"ಮಾಲಿಗಲ್ಲ ಸಾರ್. ಒಳಗಿಲ್ದೇ ಇರೋದಕ್ಕೆ."

"ಡಬ್ಬಿ ಹಿಂದೆ ಬರೆದೇ ಇದ್ಯಲ್ಲ?"

"ನಾನು ಅದನ್ನೇ ಮುಂದೆ ಬರ್ದಿದೀನಿ, ಅಷ್ಟೇ."

ಚೀಟಿ ಕೀಳದಿದ್ದರೆ ಮಾಲು ನಿಲ್ಲಿಸುವೆನೆಂದು ಹೇಳಿ ಅವರು ಹೊರಟುಹೋದರು. ಹೇಳಿದಂತೆ ನಿಲ್ಲಿಸಿಯೂ ಬಿಟ್ಟರು. ಕಪಾಟು ಬರಿದಾಯಿತು. ಗಂಡ ನೀರಿನ ಮೇಲೆ, ಮಗಳ ಓದು ನಡುವಿನಲ್ಲಿ, ಬಾಡಿಗೆ ತಲೆಯ ಮೇಲೆ. ಒಂದೆರಡು ಚೀಟಿ ಕಿತ್ತರೆ ಯಾರಿಗೆ ಗೊತ್ತಾಗುತ್ತದೆ ಎಂದು ಅಕ್ಕಪಕ್ಕದವರು ಬುದ್ಧಿ ಹೇಳಿದರು. ಒಂದು ಮಧ್ಯಾಹ್ನ ಡಿಸ್ಕಕ್ಕನೂ ಉಳಿದಿದ್ದ ಡಬ್ಬಿಯೊಂದರ ಕೆಂಪು ಚೀಟಿಗೆ ಉಗುರು ಹಾಕಿ ಅಂಚನ್ನು ಎಬ್ಬಿಸಿದ್ದುಂಟು.

ಅದೇ ಹೊತ್ತಿಗೆ ಒಳಗೆ ಬಂದವನು ಗಂಡನ ಹಡಗಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸದವನು. ಅವನೊಬ್ಬನೇ ರಜೆ ಪಡೆದು ಹಡಗಿನಿಂದ ಇಳಿದು ಅಂದೇ ಊರಿಗೆ ಬಂದಿದ್ದ. ಬಂದವನು ಸ್ಟೂಲಿನ ಮೇಲೆ ಕೂತು ಹೇಳತೊಡಗಿದ. ಹಡಗಿನ ಎಂಜಿನ್ ಕೈಕೊಟ್ಟು, ಬಿಡಿಭಾಗ ಬರುವವರೆಗೆ ದೂರದ ಕಡಲಿನಲ್ಲಿ ಲಂಗರು ಹಾಕಿ ನಿಂತಿದ್ದಾಗ ಅವನ ತಂದೆ ತೀರಿಕೊಂಡ ಸುದ್ದಿ ಬಂದಿತ್ತು. ಮಣ್ಣಿಗೆ ಹೋಗುವುದಿರಲಿ, ಹಡಗಿನಿಂದ ಇಳಿಯುವ ದಾರಿಯೇ ಇರಲಿಲ್ಲ. ಅವನು ಊಟ ಬಿಟ್ಟ, ಮಾತು ಬಿಟ್ಟ. ಬಾಗಿಲು ಹಾಕಿಕೊಂಡು ಮಲಗಿಬಿಟ್ಟ.

"ನಿಮ್ಮನೆಯವರು ಬಂದು ಕೈ ಹಿಡ್ದು ಎಬ್ಬಿಸಿದ್ರು ಅಕ್ಕಾ. ಆಡೋಕೆ ಒಬ್ಬ ಕಮ್ಮಿ ಇದಾನೆ, ಬಾರೋ ಅಂದ್ರು. ಮೊದಲ ದಿನ ಸುಮ್ನೆ ಕಂಟ್ರೋಲರ್ ಹಿಡ್ಕೊಂಡು ಕೂತಿದ್ದೆ. ನನ್ನ ಕಾರು ಗೋಡೆಗೆ ಗುದ್ಕೊಂಡು ನಿಂತೇ ಇತ್ತು. ಯಾರೂ ಏನೂ ಅನ್ಲಿಲ್ಲ. ಮರುದಿನಾನೂ ಕರೆದ್ರು, ಅದರ ಮರುದಿನಾನೂ. ಒಂದಿನ ನಾನೇ ಗೆದ್ದೆ. ಗೆದ್ದು ಅತ್ತುಬಿಟ್ಟೆ. ಅಪ್ಪ ಹೋದ ಮೇಲೆ ಅವತ್ತೇ ನಾನು ಅತ್ತಿದ್ದು." ಅವನು ಎದ್ದು ನಿಂತು ಹೇಳಿದ್ದು ಇಷ್ಟು: "ಆ ಆಟ ನೀವು ತುಂಬಿ ಕೊಟ್ಟಿದ್ದು."

ಅವನು ಹೋದ ಮೇಲೆ ಡಿಸ್ಕಕ್ಕ ಎಬ್ಬಿಸಿದ್ದ ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಮತ್ತೆ ಒತ್ತಿದರು. ಚೀಟಿ ಕೀಳುವ ಮಾತು ಮತ್ತೆ ಬರಲಿಲ್ಲ.

ಮಾರಲು ಮಾಲಿಲ್ಲದಿದ್ದರೇನು, ಪರೀಕ್ಷೆಗೆ ಯಾರಪ್ಪಣೆ ಬೇಕು? ಎಲ್ಲಿ ಬೇಕಾದರೂ ಕೊಳ್ಳಿ, ನನ್ನ ಹತ್ತಿರ ತನ್ನಿ, ನೋಡಿ ಹೇಳುತ್ತೇನೆ ಎಂದು ಬಾಗಿಲ ಮೇಲೆ ಬರೆದು ಹಾಕಿದರು. ಎಣ್ಣೆ ಹಾಕುವವನು ಹಡಗಿನಿಂದ ಹಡಗಿಗೆ ಸುದ್ದಿ ದಾಟಿಸಿದ. ನಾವಿಕರು ಬೇರೆ ಅಂಗಡಿಗಳಲ್ಲಿ ಡಬ್ಬಿ ಕೈಗೆತ್ತಿಕೊಂಡು, "ಡಿಸ್ಕಕ್ಕ ಇದಕ್ಕೆ ಯಾವ ಬಣ್ಣ ಹೇಳಿದಾರೆ?" ಎಂದು ಕೇಳತೊಡಗಿದರು. ಗೊತ್ತಿಲ್ಲವೆಂದರೆ ಡಬ್ಬಿ ಅಲ್ಲೇ ಇಟ್ಟು ಹೊರಟರು. ಬಂದರಿನ ಅಂಗಡಿಗಳವರು ಸಗಟು ವ್ಯಾಪಾರಿಯ ತಲೆ ತಿನ್ನಲು ಶುರುಮಾಡಿದರು.

ವರ್ಷ ತುಂಬುವ ಮೊದಲೇ ಅದೇ ಕಾರು ಬಂದು ನಿಂತಿತು. ಈ ಸಲ ವ್ಯಾಪಾರಿ ಒಳಗೆ ಬಂದು, ಸ್ಟೂಲಿನ ಮೇಲೆ ಕೂತು, ಚಹಾ ಕುಡಿದರು. ಬಂದರಿಗೆ ಬರುವ ಮಾಲನ್ನೆಲ್ಲ ಅಂಗಡಿಗಳಿಗೆ ಹಂಚುವ ಮುಂಚೆ ಇವರೇ ನೋಡಿ ಚೀಟಿ ಹಚ್ಚಿಕೊಡಬೇಕೆಂದು ಕೇಳಿದರು. ಹಸಿರು ಚೀಟಿಯನ್ನು ಮುಂದೆ, ಕೆಂಪನ್ನು ಹಿಂದೆ ಹಚ್ಚಲಾಗದೇ ಎಂದೊಂದು ಸಣ್ಣ ಮಾತು ಸೇರಿಸಿದರು.

"ಆಗಲ್ಲ ಸಾರ್," ಎಂದರು ಡಿಸ್ಕಕ್ಕ. "ಮೂರೂ ಮುಂದೇನೇ."

ಬೆತ್ತದ ಕುರ್ಚಿಯಿಂದ ಅತ್ತೆ ತಲೆಯೆತ್ತದೆ, "ಒಪ್ಕೊಳ್ಳಪ್ಪಾ. ಇವಳ ಹತ್ರ ನಾನೇ ಗೆದ್ದಿಲ್ಲ," ಎಂದರು. ವ್ಯಾಪಾರಿ ನಕ್ಕುಬಿಟ್ಟರು. ಒಪ್ಪಿಕೊಂಡರು ಕೂಡ. ಇವತ್ತು ಬಂದರಿನ ಸುತ್ತಲಿನ ಯಾವ ಅಂಗಡಿಗೆ ಹೋದರೂ ಗೇಮಿನ ಡಬ್ಬಿಗಳ ಮುಖದ ಮೇಲೆ ಆ ಮೂರು ಬಣ್ಣಗಳು ಕಾಣುತ್ತವೆ. ಅವುಗಳ ಮೇಲೆ ಯಾರ ಹೆಸರೂ ಇಲ್ಲ.

ಹೆಸರು ಹಾಕಿಸಿಕೊಳ್ಳಬಾರದೇ ಎಂದು ಕೇಳಿದರೆ ಡಿಸ್ಕಕ್ಕ ಬೇಡವೆಂದು ಕೈಯಾಡಿಸಿಬಿಡುತ್ತಾರೆ. ಅವರ ಆಸೆಯೇ ಬೇರೆ. "ಡಬ್ಬಿ ಬಿಚ್ಚಿದ್ರೆ ಆಟ ಒಳಗೇ ಇರ್ಬೇಕು, ಮೊದಲಿನ ಹಾಗೆ. ಆಗ ನನ್ನ ಅಂಗಡಿ ಮುಚ್ಚತ್ತೆ. ಮುಚ್ಚಲಿ ಬಿಡಿ. ಒಂದ್ಸಲ ಕಾರ್ಖಾನೆ ಮುಚ್ಚಿದಾಗ ಸಿಟ್ಟು ಬಂದಿತ್ತು. ಇದು ಮುಚ್ಚಿದ್ರೆ ಸಂತೋಷಾನೇ."

ಮಾತಾಡುತ್ತಲೇ ಮುಂದಿನ ಯಂತ್ರವನ್ನು ಮೇಜಿನ ಮೇಲಿಟ್ಟು ಧೂಳು ಒರೆಸುತ್ತಾರೆ. ಹೊರಗೆ ಬೆಳಕು ಹರಿದಿದೆ. ಮೆಕ್ಯಾನಿಕ್ಕನ ಹಡಗು ಬಂದರಿನ ಬಾಯಿ ದಾಟಿ ಸಣ್ಣದಾಗುತ್ತಿದೆ. ಶಟರಿನ ಕೆಳಗಿನಿಂದ ಅದನ್ನು ಒಂದು ಗಳಿಗೆ ನೋಡಿ ಅವರು ಹೇಳುತ್ತಾರೆ:

"ಇಷ್ಟು ಮಾತ್ರ ಹೇಳ್ತೀನಿ. ಇಲ್ಲಿವರೆಗೂ ನಾನು ಯಾರನ್ನೂ ನಡುನೀರಲ್ಲಿ ಕೈ ಬಿಟ್ಟಿಲ್ಲ."