ಕಾಲು ತೊಳೆದು ಕಂಪ್ಯೂಟರ್ ನೋಡಿದ್ದು

ಎಂಬತ್ತರ ದಶಕದ ಕೊನೆ. ನನಗೆ ಕಂಪ್ಯೂಟರ್ ಸೈನ್ಸ್ ಓದುವ ಆಸೆ, ಅಪ್ಪನಿಗೆ ನಾನು ಸಿವಿಲ್ ಇಂಜಿನಿಯರ್ ಆಗಬೇಕು. "ಸೇತುವೆ ಆದ್ರೆ ಕಣ್ಣಿಗೆ ಕಾಣ್ತದೆ. ನಿನ್ನ ಕಂಪ್ಯೂಟ್ರು ಎಲ್ಲೈತೆ ತೋರ್ಸು, ಆಮೇಲೆ ಮಾತಾಡಾಣ" ಅಂದರು. ತರೀಕೆರೆಯ ಕಚೇರಿಯೊಂದಕ್ಕೆ ಆಗಷ್ಟೇ ಒಂದು ಬಂದಿತ್ತು. ಅಜ್ಜಂಪುರದಿಂದ ಬಸ್ ಹತ್ತಿ ಹೋದೆವು.

ಏಸಿ ಕೋಣೆ, ಬಾಗಿಲ ಹೊರಗೆ ಚಪ್ಪಲಿಗಳ ಸಾಲು. ನಾನೂ ಚಪ್ಪಲಿ ಬಿಟ್ಟು ಒಳಗೆ ಹೋದೆ. ತಿರುಗಿ ನೋಡಿದರೆ ಅಪ್ಪ ಇಲ್ಲ. ಸ್ವಲ್ಪ ಹೊತ್ತಿಗೆ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಪಂಚೆ ಎತ್ತಿ ಹಿಡಿದು, ನೀರು ಸುರಿಸುತ್ತಲೇ ಬಂದರು.

"ಅಯ್ಯೋ ಯಜಮಾನ್ರೇ, ಅಲ್ಲೇ ನಿಲ್ಲಿ! ನೀರು ತಾಗಿದ್ರೆ ಮಿಷನ್ ಕೆಟ್ಟೋಗ್ತದೆ" ಎಂದು ಆಪರೇಟರ್ ಕೂಗಿದ.

"ಚಪ್ಪಲಿ ಬಿಡ್ಸಿದೋರು ನೀವೇ ಅಲ್ವೇನಪ್ಪಾ? ಕಾಲು ತೊಳೀದೆ ಹೆಂಗೆ ಬರೋದು?"

ಅಪ್ಪ ಹೊಸ್ತಿಲಾಚೆಯೇ ನಿಂತು, ಪರದೆಯ ಮೇಲಿನ ಹಸಿರು ಅಕ್ಷರಗಳನ್ನು ಕತ್ತು ಉದ್ದ ಮಾಡಿ ನೋಡಿದರು. ವಾಪಸು ಬಸ್ಸಿನಲ್ಲಿ ಊರು ಹತ್ತಿರ ಬಂದಾಗ, "ಇಷ್ಟು ಮಡಿಯಾಗಿ ಇಟ್ಕೊಂಡವ್ರೆ ಅಂದ್ರೆ ಒಳ್ಳೇದೇ ಇರ್ಬೇಕು. ಅದನ್ನೇ ಓದವ್ವ" ಅಂದರು.

ಈಗ ನನ್ನ ಕಂಪ್ಯೂಟರ್ ಇರುವುದು ಊಟದ ಮೇಜಿನ ಮೇಲೆ, ಸಾರಿನ ಪಾತ್ರೆಯ ಪಕ್ಕದಲ್ಲಿ. ಅಪ್ಪ ಇದನ್ನು ನೋಡಿದ್ದರೆ ಸಿವಿಲ್ಲಿಗೇ ಸೇರಿಸುತ್ತಿದ್ದರು.