ಹಳೇ ಪ್ರೋಗ್ರಾಮಿನೊಳಗಿನ ನಗು

ಬಸ್ ನಿಲ್ದಾಣದ ಪಕ್ಕದ ಸಣ್ಣ ಅಂಗಡಿಯಲ್ಲಿ ರುಸಾನಾ ಸತ್ತವರ ಹಾಳೆ ಅಚ್ಚು ಹಾಕಿಕೊಡುತ್ತಿದ್ದಳು. ಬಲ್ಗೇರಿಯದ ಆ ಬೆಟ್ಟದ ಬುಡದ ಊರಲ್ಲಿ ಯಾರಾದರೂ ತೀರಿಕೊಂಡರೆ, ಮುಖ, ಹೆಸರು, ನಾಲ್ಕು ಒಳ್ಳೆಯ ಮಾತು ಇರುವ ಕಪ್ಪು ಚೌಕಟ್ಟಿನ ಹಾಳೆ ಮನೆಯ ಗೇಟಿಗೆ, ಮರಕ್ಕೆ, ನಿಲ್ದಾಣದ ಗೋಡೆಗೆ ಅಂಟಲೇಬೇಕು. ಅರ್ಧ ವರ್ಷಕ್ಕೆ ಇನ್ನೊಂದು, ವರ್ಷ ತುಂಬಿದಾಗ ಮತ್ತೊಂದು. ಬಸ್ಸಿಗೆ ಕಾಯುವವರು ಅವನ್ನೇ ಓದುತ್ತ ಹೊತ್ತು ಕಳೆಯುವರು. "ನಮ್ಮೂರಲ್ಲಿ ಸತ್ರೂ ಬಸ್ಸಿಗೆ ಕಾಯೋದು ತಪ್ಪಲ್ಲ" ಎಂದು ರುಸಾನಾಳೇ ನಗುತ್ತಿದ್ದಳು.

ಹರೆಯದಲ್ಲಿ ಅವಳು ಸೀಸದ ಅಚ್ಚುಮೊಳೆ ಜೋಡಿಸಿದವಳು. ಮುದ್ರಣಾಲಯ ಮುಚ್ಚಿದ ಮೇಲೆ ಕಂಪ್ಯೂಟರ್ ಬಂತು. ಈ ಹಾಳೆಗಳಿಗೆಂದೇ ಊರಿನ ಎಂಜಿನಿಯರ್ ದೋಬ್ರಿ ಒಂದು ಪ್ರೋಗ್ರಾಂ ಬರೆದುಕೊಟ್ಟ. ಕೊನೆಗೆ ಅವನ ಹಾಳೆಯನ್ನೂ ಅದರಲ್ಲೇ ಅಚ್ಚು ಹಾಕಿದ್ದಾಯಿತು. ಏನಾದರೂ ಕೆಟ್ಟರೆ ಕೇಳೋಣವೆಂದರೆ ಬರೆದವನೇ ಇಲ್ಲ.

ಹೋದ ವಾರ ರಿಪೇರಿಯ ಗಲಿನ್ ಬಂದು ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿದ. ಪರದೆ ಕನ್ನಡಿಯಂತೆ ಹೊಳೆಯಿತು. ಆದರೆ ದೋಬ್ರಿಯ ಪ್ರೋಗ್ರಾಂ ಒತ್ತಿದರೆ ಒಂದು ಸಣ್ಣ ಚೌಕ ಇಣುಕಿ ನೋಡಿ ಮಾಯವಾಗುತ್ತಿತ್ತು. ಅಂಥ ಹೊತ್ತಲ್ಲೇ, ಹೆಂಡತಿ ವೆಲಿಕಾಳನ್ನು ಕಳೆದುಕೊಂಡಿದ್ದ ಸ್ತಾಮೆನ್ ಬಂದ.

"ಶನಿವಾರ ವೆಲಿಕಾಗೆ ವರ್ಷ ತುಂಬುತ್ತೆ, ರುಸಾನಾ. ಅದೇ ಫೋಟೋ ಹಾಕು. ನಗ್ತಿರೋದು."

"ಫೋಟೋ ತಂದಿದೀಯಾ, ಸ್ತಾಮೆನಣ್ಣ?"

"ಎಲ್ಲಿಂದ ತರ್ಲಿ? ಮಣ್ಣು ಮಾಡುವಾಗ ಅವಳ ಜೊತೇಲೇ ಪೆಟ್ಟಿಗೇಲಿಟ್ಟೆ. ಇಟ್ಬಿಡು, ನನ್ನ ಹತ್ರ ಇರುತ್ತೆ ಅಂತ ನೀನೇ ಅಂದಿದ್ದೆ."

ಅವನ ಗೇಟಿನ ಮೇಲಿದ್ದ ಹಿಂದಿನ ಹಾಳೆ ಬಿಸಿಲಿಗೆ ಬಿಳಿಚಿ, ಚೌಕಟ್ಟೊಂದೇ ಉಳಿದಿತ್ತು. ವೆಲಿಕಾ ನಗುವ ಫೋಟೋ ಇದ್ದದ್ದು ಅದೊಂದೇ. ಈಗ ಅದಿರುವುದು ದೋಬ್ರಿಯ ಪ್ರೋಗ್ರಾಮಿನ ಹೊಟ್ಟೆಯಲ್ಲಿ. ಅದನ್ನು ತೆರೆಯಲು ಬೇರೆ ಯಾವ ಪ್ರೋಗ್ರಾಮಿಗೂ ಬರುತ್ತಿರಲಿಲ್ಲ. ರುಸಾನಾ "ನಾಳೆ ಬಾ" ಎಂದಳು.

ಅವಳಿಗೆ ಭಯವಾಯಿತು. ಭಯಕ್ಕಿಂತ ಕುತೂಹಲ ದೊಡ್ಡದಾಯಿತು. ಇಣುಕಿ ನೋಡುವ ಆ ಚೌಕ ಏನು ಕಂಡು ಓಡಿಹೋಗುತ್ತದೆ? ಗಲಿನ್‌ನನ್ನೇ ಕರೆಸಿ ಕೇಳಿದಳು.

"ಯಾವ ಸಿಸ್ಟಮ್ ಅಂತ ಕೇಳುತ್ತೆ ಅತ್ತೆ. ಹೊಸ ಹೆಸರು ಕೇಳಿದ ಕೂಡ್ಲೇ, ಇದು ನಮ್ಮ ಮನೆ ಅಲ್ಲ ಅಂತ ವಾಪಸ್ ಹೋಗುತ್ತೆ. ಬಿಟ್ಟಾಕಿ, ಹೊಸ ಪ್ರೋಗ್ರಾಂ ಹಾಕ್ಕೊಡ್ತೀನಿ."

"ಹಳೇ ಹೆಸರು ಹೇಳಿದ್ರೆ?"

ಗಲಿನ್ ಕತ್ತೆತ್ತಿ ನೋಡಿದ. "ಅದಕ್ಕೂ ದಾರಿ ಇದೆ. ಪ್ರೋಗ್ರಾಮಿನ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಹಳೇ ಸಿಸ್ಟಮ್ಮಿನ ಹೆಸರು ಆರಿಸ್ಬೇಕು. ಆಗ ಈ ಪ್ರೋಗ್ರಾಂ ಬಂದಾಗ ಮಾತ್ರ ಕಂಪ್ಯೂಟರ್ ತಾನು ಹಳೇದು ಅಂತ ನಟಿಸುತ್ತೆ."

"ಸುಳ್ಳು ಹೇಳುತ್ತೆ ಅನ್ನು."

"ಎಲ್ಲಾರೂ ಬಂಗಾರದಂಥ ಗಂಡ, ಬಂಗಾರದಂಥ ಹೆಂಡ್ತಿ ಅಂತ ನೀವು ಹಾಳೇಲಿ ಹಾಕ್ತೀರಲ್ಲ, ಹಂಗೇ."

ಆರಿಸಿದರು. ಚೌಕ ಇಣುಕಿತು, ಅನುಮಾನಿಸಿದಂತೆ ನಿಂತಿತು, ಆಮೇಲೆ ಅಗಲವಾಗಿ ತೆರೆದುಕೊಂಡಿತು. ಆದರೆ ಅಕ್ಷರಗಳು ಹುಳ ಬಿದ್ದ ಹಿಟ್ಟಿನಂತಿದ್ದವು. ಒಂದೂ ಓದಲು ಬಾರದು.

"ಮನೆಗೆ ಬಂತು, ಮಾತು ಮರ್ತಿದೆ" ಎಂದಳು ರುಸಾನಾ.

ಗಲಿನ್ ಹುಡುಕಿ ಹುಡುಕಿ, ಹಳೇ ಪ್ರೋಗ್ರಾಮುಗಳು ಯಾವ ಭಾಷೆಯಲ್ಲಿ ಓದಬೇಕೆಂದು ತಿಳಿಸುವ ಜಾಗ ಕಂಡುಹಿಡಿದ. ಅಲ್ಲಿ ಇಂಗ್ಲಿಷ್ ಇತ್ತು. ಬಲ್ಗೇರಿಯನ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿದ. ಅವನಿಗೆ ಬೇರೆ ಕಡೆ ಕೆಲಸವಿತ್ತು, ಹೋದ.

ಈಗ ಪರೀಕ್ಷೆ ಮಾಡಬೇಕು. ಬದುಕಿರುವ ಇನ್ನೊಬ್ಬರ ಹೆಸರು ಹಾಕುವುದು ಕೇಡು. ಸತ್ತವರ ಹೆಸರಲ್ಲಿ ಆಟ ತರವಲ್ಲ. ರುಸಾನಾ ತನ್ನ ಹೆಸರನ್ನೇ ಹಾಕಿದಳು, ಗುರುತಿನ ಚೀಟಿಗೆ ತೆಗೆಸಿದ್ದ ತನ್ನ ಫೋಟೋವನ್ನೇ ಕೂರಿಸಿದಳು, ಒಂದು ಹಾಳೆ ಅಚ್ಚು ಹಾಕಿದಳು. ಮುದ್ರಣ ಸರಿಯಾಗಿ ಬಂತೆಂದು ಕಂಡೊಡನೆ ತಡೆಯಲಾರದೆ ವೆಲಿಕಾಳ ಹಾಳೆ ತೆರೆದಳು.

ವೆಲಿಕಾ ಇದ್ದಳು. ತಲೆವಸ್ತ್ರ ಜಾರಿತ್ತು, ಮುಂದಿನ ಹಲ್ಲಿನ ಸಂದು ಕಾಣುವಷ್ಟು ಬಾಯಿ ತೆರೆದು, ಕಣ್ಣು ಮುಚ್ಚಿಹೋಗುವಂತೆ ನಗುತ್ತಿದ್ದಳು. ರುಸಾನಾ ಕೆನ್ನೆಗೆ ಕೈ ಇಟ್ಟುಕೊಂಡು ನೋಡಿದಳು. ಸ್ತಾಮೆನ್‌ಗೆ ಬೇಕಾದಷ್ಟು ಹಾಳೆ ಅಚ್ಚಿಗೆ ಕೊಟ್ಟು, ಕಾಫಿ ಇಡಲು ಹಿಂದಿನ ಕೋಣೆಗೆ ಹೋದಳು.

ಆಗಲೇ ಬಾಗಿಲ ಗಂಟೆ ಅಲ್ಲಾಡಿತು. "ಬಂತಾ? ತಗೊಂಡ್ಹೋಗ್ತೀನಿ!" ಸ್ತಾಮೆನ್‌ನ ದನಿ.

"ನೋಡ್ಕೊಂಡು ಹೋಗಣ್ಣ!"

"ಇಲ್ಲಿ ನೋಡಲ್ಲ. ಅಂಟಿಸಿ ನೋಡ್ತೀನಿ." ಅಚ್ಚಿನ ಯಂತ್ರದ ತಟ್ಟೆಯಲ್ಲಿದ್ದುದನ್ನೆಲ್ಲ ಬಾಚಿಕೊಂಡು ಅವನು ಹೊರಟೇಹೋದ.

ಮರುದಿನ ಬೆಳಿಗ್ಗೆ ರುಸಾನಾ ಅಂಗಡಿ ಬಾಗಿಲು ತೆಗೆದರೆ, ಪಕ್ಕದ ಮನೆಯ ಮಿತ್ಕಾ ಕಪ್ಪು ಬಟ್ಟೆಯುಟ್ಟು, ಹೂ ಹಿಡಿದು ನಿಂತಿದ್ದಳು. ರುಸಾನಾಳನ್ನು ಕಂಡು ಚೀರಿದಳು.

"ನೀನು ಸತ್ತಿದೀಯಲ್ಲೇ! ಬಸ್ ನಿಲ್ದಾಣದಲ್ಲಿ ಹಾಕಿದಾರೆ!"

ತಟ್ಟೆಯಲ್ಲೇ ಬಿಟ್ಟಿದ್ದ ಪರೀಕ್ಷೆಯ ಹಾಳೆ ನೆನಪಾಗಲು ರುಸಾನಾಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಿತ್ಕಾಳ ಕೈಯ ಹೂ ನೋಡಿದಳು. ಸತ್ತವರಿಗೆ ಕೊಡುವಂತೆ ಸರಿಸಂಖ್ಯೆಯಲ್ಲಿದ್ದವು.

"ಒಂದು ತೆಗೆದು ನೀನಿಟ್ಕೋ, ಉಳಿದದ್ದು ಕೊಡು. ಬದುಕಿರೋಳಿಗೆ ಬೆಸ ಸಾಕು."

ಇಬ್ಬರೂ ನಿಲ್ದಾಣಕ್ಕೆ ಹೋದರು. ಗೋಡೆಯ ಮುಂದೆ ನೆರೆದಿದ್ದವರು ಸರಸರನೆ ದಾರಿ ಬಿಟ್ಟರು. ಒಬ್ಬ ಮುದುಕ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ರುಸಾನಾ ಕನ್ನಡಕ ಏರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ತನ್ನ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು.

"ಚೌಕಟ್ಟು ಸೊಟ್ಟ ಇಲ್ಲ. ಅಕ್ಷರದ ಬಾಲ ಒಂದೂ ಮುರಿದಿಲ್ಲ, ನೋಡು ಮಿತ್ಕಾ."

"ನಿನ್ನ ಬಾಲ ಹಾಳಾಗ! ನನ್ನ ಎದೆ ಮುಟ್ಟಿ ನೋಡು!"

ಅಷ್ಟರಲ್ಲಿ ಸ್ತಾಮೆನ್ ಅಂಟಿನ ಡಬ್ಬಿ ಹಿಡಿದು, ಏದುಸಿರು ಬಿಡುತ್ತ ಬಂದ. ಟೊಪ್ಪಿ ತೆಗೆದ. "ಗೇಟಿನ ಹತ್ರ ಸರಿಯಾಗೇ ಇತ್ತು. ಇಲ್ಲಿಗೆ ಬರುವಾಗ ಕತ್ತಲಾಗಿತ್ತು, ರುಸಾನಾ."

"ಹೆಂಡ್ತೀನೂ ಅಂಗಡಿಯೋಳ್ನೂ ಗುರ್ತು ಹಿಡೀದಷ್ಟು ಕತ್ಲಾ?"

ಅವನು ಅಂಟು ಬಳಿದು, ಅವಳ ಹಾಳೆಯ ಮೇಲೆಯೇ ವೆಲಿಕಾಳನ್ನು ಅಂಟಿಸಿದ. ಅಂಗೈಯಿಂದ ನಿಧಾನವಾಗಿ ಸವರಿದ. ಬೆಳಗಿನ ಬಿಸಿಲು ಹಾಳೆಯ ಮೇಲೆ ಬಿತ್ತು. ವೆಲಿಕಾ ಕಣ್ಣು ಕಿರಿದು ಮಾಡಿ, ಹಲ್ಲಿನ ಸಂದು ತೋರಿಸುತ್ತ, ನಿಂತವರನ್ನೆಲ್ಲ ನೋಡಿ ನಗುತ್ತಿದ್ದಳು.

"ಇದನ್ನೇ ನೋಡಿ ನಗ್ತಿದಾಳೆ" ಎಂದ ಸ್ತಾಮೆನ್. ಆಮೇಲೆ ಅವನಿಗೇ ನಗು ಬಂತು.

ರುಸಾನಾ ತನ್ನ ಕೈಯಲ್ಲಿದ್ದ ಹೂಗಳನ್ನು ಮಿತ್ಕಾ ಇಟ್ಟುಕೊಂಡಿದ್ದ ಒಂದರ ಜೊತೆ ಸೇರಿಸಿ, ಗೋಡೆಯ ಬುಡದಲ್ಲಿಟ್ಟಳು. "ಎಡಗಡೆ ಮೂಲೆ ಎದ್ದಿದೆ, ಸ್ತಾಮೆನಣ್ಣ. ಚೆನ್ನಾಗಿ ಒತ್ತು."