ಆಪಿ ಅನ್ನುವ ಮಾತು

ಐವತ್ತರ ದಶಕದಲ್ಲಿ ಮದುವೆಯಾಗಿ ಕ್ಯಾಸಂಬಳ್ಳಿ ಕಡೆಯಿಂದ ಆಂಡರ್ಸನ್‌ಪೇಟೆಗೆ ಬಂದಾಗ ನನಗೆ ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ. ಅಲ್ಲಿನ ಚಿನ್ನದ ಗಣಿಯೊಳಗೆ ದುಡಿಯುತ್ತಿದ್ದ ನಮ್ಮ ಯಜಮಾನರಿಗೆ ಒಂದೇ ಒಂದು ಮಾತು ಬರುತ್ತಿತ್ತು: ಹ್ಯಾಪಿ. ಶಿಫ್ಟು ಮುಗಿಸಿ ಮೇಲೆ ಬಂದ ಆಳುಗಳನ್ನು ಬಿಳಿ ದೊರೆಯೊಬ್ಬ "ಹ್ಯಾಪಿ?" ಎಂದು ಕೇಳುತ್ತಿದ್ದನಂತೆ. ಜೀವಸಹಿತ ಬಂದೆಯಾ ಎಂದೇ ಅದರ ಅರ್ಥ ಅಂತ ಇವರು ತಿಳಿದಿದ್ದರು. ದಿನವೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ "ಆಪಿ ಕಣೇ" ಅನ್ನುವರು. ಆಮೇಲೆಯೇ ನಾನು ಮುದ್ದೆಗೆ ಎಸರಿಡುತ್ತಿದ್ದೆ.

ಪಕ್ಕದ ಮನೆಯವಳು ತಮಿಳಿನವಳು, ನನಗಿಂತ ಚಿಕ್ಕವಳು. ಅವಳ ಗಂಡನಿಗೂ ಇವರದೇ ಶಿಫ್ಟು. "ಅಕ್ಕಾ, ಆಪಿಯಾ?" ಎಂದು ಗೋಡೆಯಾಚೆಯಿಂದ ಕೂಗುವಳು. "ಆಪಿ, ಆಪಿ" ಎಂದು ನಾನೂ ಕೂಗುತ್ತಿದ್ದೆ.

ಒಂದು ಮಧ್ಯಾಹ್ನ ನೆಲ ಅದುರಿ ಪಾತ್ರೆಗಳೆಲ್ಲ ಉರುಳಿದವು. ಗಣಿಯೊಳಗೆ ಬಂಡೆ ಸಿಡಿದಿದೆ ಎಂದು ಬೀದಿಯಲ್ಲಿ ಕೂಗೆದ್ದಿತು. ನಾವಿಬ್ಬರೂ ಕೈ ಹಿಡಿದುಕೊಂಡೇ ಗಣಿಯ ಬಾಯಿಗೆ ಓಡಿದೆವು. ಸಂಜೆಗೆ ಇವರು ಮೇಲೆ ಬಂದರು, ಮೈಯೆಲ್ಲ ಧೂಳು. ನನ್ನನ್ನು ಕಂಡದ್ದೇ, ರೂಢಿಯ ಮಾತು, "ಆಪಿ ಕಣೇ" ಅಂದುಬಿಟ್ಟರು. ನಾನು ನಕ್ಕೆ. ಗಟ್ಟಿಯಾಗಿ ನಕ್ಕೆ. ಅವಳ ಕೈ ಬಿಟ್ಟು ಇವರ ತೋಳು ಹಿಡಿದೆ. ಅವಳು ನಿಂತಲ್ಲೇ ನಿಂತು ನೋಡುತ್ತಿದ್ದಳು. ಅವಳ ಗಂಡ ಬರಲೇ ಇಲ್ಲ. ಹೆಣ ಸಿಕ್ಕಿದ್ದು ಮಾರನೆಯ ದಿನ.

ಆ ಮಾತಿಗೆ ಸಂತೋಷ ಎಂದು ಅರ್ಥವೆಂಬುದು ಬೀದಿಯ ಮೇಷ್ಟರೊಬ್ಬರಿಂದ ತಿಳಿದದ್ದು ಆಮೇಲೆ. ಅವಳೆದುರು ನಾವು ಹೇಳಿಕೊಂಡದ್ದು ಸಂತೋಷವನ್ನೇ!

ಅಲ್ಲಿಂದಾಚೆ ಮನೆಯಲ್ಲಿ ಪಿಸುಮಾತೇ. ಇವರು ಸೀನಿದರೂ ಗೋಡೆಯಾಚೆ ಕೇಳಿಸೀತೆಂದು ನನಗೆ ಸಂಕಟ.

ಕೆಲವು ತಿಂಗಳಾದ ಮೇಲೆ ಅವಳ ಅಣ್ಣ ಅವಳನ್ನು ತವರಿಗೆ ಕರೆದೊಯ್ಯಲು ಬಂದ. ಬಂಗಾರಪೇಟೆ ಸ್ಟೇಷನ್ನಿನವರೆಗೆ ನಾನೂ ಹೋದೆ. ರೈಲು ಹತ್ತಿದವಳು ಕಿಟಕಿಯಿಂದ ಕೇಳಿದಳು, "ಅಕ್ಕಾ, ನಿಮ್ಮೋರು ಚೆನ್ನಾಗವ್ರಾ? ಸದ್ದೇ ಕೇಳ್ಸಲ್ಲ."

ಚೆನ್ನಾಗಿದ್ದಾರೆ ಅನ್ನಲು ಬಾಯಿ ಬರಲಿಲ್ಲ. "ಏನೋ ಅವ್ರೆ ತಗೋ. ಯಾವಾಗ್ಲೂ ಕೆಮ್ಮು" ಎಂದು ಸುಳ್ಳು ಹೇಳಿದೆ.

"ಅಯ್ಯಯ್ಯೋ! ಅವ್ರನ್ನ ಜೋಪಾನ್ವಾಗಿ ನೋಡ್ಕೊ ಅಕ್ಕಾ." ಅವಸರದಲ್ಲಿ ಗಂಟು ಬಿಚ್ಚಿ, ಒಣಶುಂಠಿಯ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. "ಕಷಾಯ ಮಾಡ್ಕೊಡು."

ರೈಲು ಹೊರಟಿತು. ಮನೆಗೆ ಬಂದವಳೇ ಶುಂಠಿ ಜಜ್ಜಿ ಕಷಾಯ ಕಾಯಿಸಿದೆ. ಕೆಮ್ಮೇ ಇಲ್ಲದ ಇವರು ನನ್ನ ಮುಖ ನೋಡಿ, ಲೋಟವೆತ್ತಿ ಕುಡಿದರು.